ಅಣ್ಣನ ಕಾರಿನ ಕೆಂಪು ದೀಪ

"ಇನ್ನೊಂದ್ ಸಲ, ಎಲ್ಲಾ ಒಟ್ಟಿಗೆ" ಎಂದು ಮನೆಯ ಅಳಿಯ ಹೇಳಿದ್ದೇ ತಡ, ಆರು ಜನ ಕಾರಿನ ಬೆನ್ನಿಗೆ ಕೈ ಕೊಟ್ಟು ನೂಕಿದರು. ಕಾರು ಇಳಿಜಾರನ್ನು ಅರ್ಧ ಹತ್ತಿತು, ಅಲ್ಲೊಂದು ಕ್ಷಣ ನಿಂತಿತು, ಆಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಇಳಿದು ಆರೂ ಜನರನ್ನು ಗೋಡೆಗೆ ಒತ್ತಿ ನಿಲ್ಲಿಸಿತು. ಯಾರದೋ ಚಪ್ಪಲಿ ಚಕ್ರದ ಕೆಳಗೆ ಸಿಕ್ಕಿಕೊಂಡಿತು. ಚಪ್ಪಲಿಯ ಒಡೆಯ ಸಾವಿನ ಮನೆಯಲ್ಲಿ ಆಡಬಾರದ ಮಾತೊಂದನ್ನು ಆಡಿ, ಆಡಿದ್ದಕ್ಕೆ ತಾನೇ ನಾಲಿಗೆ ಕಚ್ಚಿಕೊಂಡ.

ರಸ್ತೆಗೆ ವರ್ಷ ವರ್ಷ ಟಾರು ಬಿದ್ದು ರಸ್ತೆ ಮೇಲೇರಿತ್ತು, ಮನೆಯ ಓಣಿ ಕೆಳಗೇ ಉಳಿದಿತ್ತು. ಆ ಓಣಿಯ ತುಂಬ ಕಾರು. ಮಹಡಿ ಮನೆಯಿಂದ ಇಳಿಯುವ ಮೆಟ್ಟಿಲು ಸರಿಯಾಗಿ ಕಾರಿನ ಪಕ್ಕಕ್ಕೇ ಬಂದು ಮುಗಿಯುತ್ತಿತ್ತು. ಬದುಕಿದ್ದವರು ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡವಾಗಿ ಸರಿದು ಹೋಗಬಹುದಿತ್ತು. ಸ್ಟ್ರೆಚರ್ ಮೇಲೆ ಮಲಗಿದವನನ್ನು ಹಾಗೆ ಸರಿಸಿಕೊಂಡು ಹೋಗುವಂತಿರಲಿಲ್ಲ. ಕಾರು ಹೊರಗೆ ಬಾರದೆ ಯಜಮಾನ ಹೊರಗೆ ಬರುವಂತಿಲ್ಲ ಎಂಬಲ್ಲಿಗೆ ಬೆಳಗಿನ ಹತ್ತೂವರೆಯ ಕತೆ ಬಂದು ನಿಂತಿತ್ತು. ಮೇಲೆ ರಸ್ತೆಯಲ್ಲಿ ಹೆಣದ ವ್ಯಾನಿನ ಡ್ರೈವರ್ ಬಾಗಿಲಿಗೆ ಒರಗಿ ಗಡಿಯಾರ ನೋಡುತ್ತಿದ್ದ. ಸ್ಮಶಾನದವರು ಹನ್ನೆರಡಕ್ಕೆ ಹೊತ್ತು ಕೊಟ್ಟಿದ್ದರು, ತಪ್ಪಿದರೆ ನಾಲ್ಕಕ್ಕೇ ಎಂದು ಅವನು ಆಗಲೇ ಮೂರು ಸಲ ಹೇಳಿದ್ದ.

ಸತ್ತ ಯಜಮಾನನ ತಮ್ಮ ಬಂದು ಓಣಿಯ ಬಾಯಲ್ಲಿ ನಿಂತದ್ದು ಆ ಹೊತ್ತಿಗೆ. ಎರಡು ಬೀದಿ ಆಚೆಗೆ ಅವನ ಅಂಗಡಿ. ಕಾರು, ವ್ಯಾನುಗಳ ವೈರಿಂಗ್ ಕೆಲಸ ಮಾಡುತ್ತ ಮೂವತ್ತು ವರ್ಷ ಕಳೆದಿದ್ದವನು. ಎರಡು ಬೀದಿಯ ಆ ದೂರವನ್ನು ನಡೆಯಲು ಅವನಿಗೆ ಮೂರು ವರ್ಷ ಹಿಡಿದಿತ್ತು. ಅಣ್ಣನ ಮಗಳು ಫೋನಿನಲ್ಲಿ ಅಳುತ್ತ ಹೇಳಿದ ಮೇಲೆ ಎದ್ದು ಹೊರಟವನು, ರೂಢಿಯ ಮೇಲೆ ಸಾಮಾನಿನ ಚೀಲವನ್ನೂ ಹೆಗಲಿಗೆ ಹಾಕಿಕೊಂಡಿದ್ದ. ಅರ್ಧ ದಾರಿಗೆ ಬಂದ ಮೇಲೆ, ಸಾವಿನ ಮನೆಗೆ ಯಾರಾದರೂ ಸ್ಪ್ಯಾನರ್ ಹೊತ್ತುಕೊಂಡು ಹೋಗುತ್ತಾರೆಯೇ ಎಂದು ನಾಚಿಕೆಯಾಯಿತು. ಆದರೆ ವಾಪಸು ಹೋದರೆ ಮತ್ತೆ ಹೊರಡುತ್ತೇನೆಂಬ ಧೈರ್ಯ ಅವನಿಗಿರಲಿಲ್ಲ.

ಓಣಿ ತುಂಬ ನಿಂತಿದ್ದ ಕಾರನ್ನು ಕಂಡು ಅವನಿಗೆ ಆದದ್ದು, ನಿಜ ಹೇಳಬೇಕೆಂದರೆ, ಸಮಾಧಾನ. ಮೇಲೆ ಹೋಗಿ ಅಣ್ಣನ ಮುಖ ನೋಡುವುದಕ್ಕೆ ಮೊದಲು ಮಾಡಲು ಏನೋ ಒಂದು ಕೆಲಸವಿತ್ತು.

"ನೂಕಿ ಏನು ಪ್ರಯೋಜನ? ಸ್ಟಾರ್ಟ್ ಮಾಡಿ ತೆಗೀರಿ" ಎಂದ.

ಅಳಿಯ ಬೆವರು ಒರೆಸಿಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದ. ಮದುವೆಯಲ್ಲಿ ಕಂಡ ಮುಖ, ಆಮೇಲೆ ಮನೆಯಲ್ಲಿ ಯಾರೂ ಹೆಸರೆತ್ತದ ಮುಖ. "ಸ್ಟಾರ್ಟ್ ಆಗಿದ್ರೆ ನಾವ್ಯಾಕೆ ನೂಕ್ತಿದ್ವಿ, ಚಿಕ್ಕಮಾವ? ಕೀ ತಿರುಗ್ಸಿದ್ರೆ ಟಿಕ್ ಅಂತಾನೂ ಅನ್ನಲ್ಲ. ಈ ಡಬ್ಬಾನ ಗುಜರಿಗೆ ಹಾಕಿ ಅಂತ ನಾನು ಎಷ್ಟು ಸಲ ಹೇಳಿದೀನಿ."

ತಮ್ಮ ಬಾನೆಟ್ ಎತ್ತಿದ. ಎತ್ತಿ, ಹಾಗೇ ನಿಂತ. ಬ್ಯಾಟರಿ ಇರಬೇಕಾದ ಜಾಗದಲ್ಲಿ ಬ್ಯಾಟರಿ ಇರಲಿಲ್ಲ. ಎರಡು ಕೇಬಲ್ಲುಗಳ ತುದಿಗೆ ಹಳೆ ಬಟ್ಟೆ ಸುತ್ತಿ, ಒಂದಕ್ಕೊಂದು ತಾಗದಂತೆ ಎರಡು ಕಡೆಗೆ ಕಟ್ಟಿಡಲಾಗಿತ್ತು. ಎಂಜಿನ್ನಿನೊಳಗೆ ಇಷ್ಟು ಅಚ್ಚುಕಟ್ಟಾಗಿ ಬಟ್ಟೆ ಕಟ್ಟುವವನು ಲೋಕದಲ್ಲಿ ಒಬ್ಬನೇ ಎಂದು ಅವನಿಗೆ ಗೊತ್ತಿತ್ತು.

"ಅದು ಮೇಲಿದೆ" ಎಂದಳು ಮೆಟ್ಟಿಲ ತಿರುವಿನಲ್ಲಿ ನಿಂತಿದ್ದ ಅಣ್ಣನ ಮಗಳು. ಅತ್ತು ಅತ್ತು ಅವಳ ದನಿ ಕಟ್ಟಿತ್ತು. "ಅಪ್ಪ ದಿನಾ ಸಂಜೆ ಬಿಚ್ಚಿ ಮೇಲಕ್ಕೆ ತರ್ತಿದ್ರು, ಚಿಕ್ಕಪ್ಪ. ಚಾರ್ಜಿಗೆ ಹಾಕೋಕೆ. ಬೆಳಿಗ್ಗೆ ಕೆಳಗೆ ತೊಗೊಂಡ್ ಹೋಗೋರು."

"ದಿನಾನಾ?"

"ಮೂರು ವರ್ಷದಿಂದ."

ಗಂಡನ ಮೇಲೆ ಅವಳಿಗೆ ಸಿಟ್ಟು ಬಂತು. "ಇಷ್ಟು ಹೊತ್ತು ತಳ್ಳಿದ್ರಲ್ಲ, ಬ್ಯಾಟರಿ ಮೇಲಿದೆ ಅಂತ ನಿಮಗೂ ಗೊತ್ತಿತ್ತಲ್ವಾ?" ಎಂದು ಗದರಿದಳು. ತಲೆ ಓಡಲಿಲ್ಲ ಎಂದು ಅವನು ಒಪ್ಪಿಕೊಂಡ. ಆ ಬೆಳಿಗ್ಗೆ ಅವನು ಆಡಿದ ಒಳ್ಳೆಯ ಮಾತು ಅದೊಂದೇ.

ತಮ್ಮ ಮೆಟ್ಟಿಲು ಹತ್ತಿದ. ಹದಿನೆಂಟು ಮೆಟ್ಟಿಲು. ಹದಿನಾಲ್ಕನೆಯದರ ಹತ್ತಿರ ಅಣ್ಣನ ಮಗಳು ಬದಿಗೆ ಸರಿದು ದಾರಿ ಬಿಟ್ಟು, ನಿನ್ನೆ ಸಂಜೆ ಅಪ್ಪ ಸಿಕ್ಕಿದ್ದು ಇಲ್ಲೇ ಎಂದಳು. ಬ್ಯಾಟರಿಯನ್ನು ಮೆಟ್ಟಿಲ ಮೇಲೆ ನೆಟ್ಟಗೆ ಇಟ್ಟು, ಪಕ್ಕದಲ್ಲಿ ಕೂತು, ಗೋಡೆಗೆ ತಲೆ ಆನಿಸಿದ್ದರಂತೆ. ದಣಿವಾರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡು ಅಮ್ಮ ಕಾಲು ಗಂಟೆ ಕರೆಯಲೇ ಇಲ್ಲವಂತೆ. ಎದೆ ಒಡೆಯುವ ಹೊತ್ತಿನಲ್ಲೂ ಆಸಿಡ್ ಚೆಲ್ಲಬಾರದೆಂದು ಬ್ಯಾಟರಿಯನ್ನು ನೆಟ್ಟಗೆ ಇಟ್ಟ ಮನುಷ್ಯನ ಮೇಲೆ ತಮ್ಮನಿಗೆ ಉಕ್ಕಿ ಬಂದದ್ದು ಸಿಟ್ಟು. ಹಿಡಿದು ಅಲ್ಲಾಡಿಸಿ ಕೇಳಬೇಕು ಎನ್ನಿಸುವಂಥ ಸಿಟ್ಟು. ನನ್ನ ಅಂಗಡಿ ಎರಡು ಬೀದಿ ಆಚೆ ಇತ್ತಲ್ಲೋ, ಮಾರಾಯ.

ಅಣ್ಣನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಕತ್ತಿನವರೆಗೆ ಬಿಳಿ ಬಟ್ಟೆ, ಮೇಲೊಂದು ಹೂವಿನ ಹಾರ. ಗಡ್ಡ ಬೋಳಿಸಿ, ತಲೆ ಬಾಚಿದ್ದರು, ಆದರೆ ಬೈತಲೆ ತಪ್ಪು ಕಡೆಗೆ ಹೋಗಿತ್ತು. ತಮ್ಮ ಅಲ್ಲಿ ನಿಲ್ಲಲಿಲ್ಲ. ಬ್ಯಾಟರಿ ತರಲು ಬಂದವನಂತೆ, ಅದಕ್ಕೆ ಮಾತ್ರ ಬಂದವನಂತೆ, ಗೋಡೆ ಹಿಡಿದು ಕೋಣೆಗೆ ದಾಟಿದ.

ಕೋಣೆಯಲ್ಲಿ ಅತ್ತಿಗೆ ಮಂಚದ ಅಂಚಿಗೆ ಕೂತಿದ್ದರು, ಎರಡೂ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು. ಅವರ ಕಾಲ ಬಳಿ, ಕಿಟಕಿಯ ಕೆಳಗೆ, ಮಣೆಯ ಮೇಲೆ ಬ್ಯಾಟರಿ. ಚಾರ್ಜರಿನ ಹಸಿರು ದೀಪ ಉರಿಯುತ್ತಿತ್ತು.

"ನಾನೇ ಹಾಕ್ದೆ" ಎಂದರು ಅತ್ತಿಗೆ, ಬಂದೆಯಾ ಎಂದೂ ಕೇಳದೆ. "ನಿನ್ನೆ ಡಾಕ್ಟರ್ ಬಂದು ಹೋದ್ಮೇಲೆ, ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ಅದು ಮೆಟ್ಟಿಲ ಮೇಲೇ ಇತ್ತು. ಮಗಳ ಕೈಲಿ ತರ್ಸಿ ಚಾರ್ಜಿಗೆ ಹಾಕ್ದೆ. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಸರಿಯಾಗಿದೆಯಾ ನೋಡು."

ಸರಿಯಾಗಿದೆ ಎಂದು ಅವನು ತಲೆಯಾಡಿಸಿದ. ಅತ್ತಿಗೆ ಇನ್ನೊಂದು ಮಾತು ಹೇಳಿದರು. ಆ ವ್ಯಾನಿನ ಮೆಟ್ಟಿಲು ಎತ್ತರ, ತನ್ನ ಮೊಣಕಾಲಿಗೆ ಆಗದು, ತಾನು ಬರುವುದು ಈ ಕಾರಿನಲ್ಲೇ. ಬಾಡಿಗೆ ಕಾರು ತರಿಸೋಣ ಎಂದು ಅಳಿಯ ಆಗಲೇ ಹೇಳಿ ನೋಡಿದ್ದನಂತೆ. "ಮೂರು ವರ್ಷ ಅವರು ಇದನ್ನ ಹೊತ್ತಿದ್ದೇ ನಾನು ಬಸ್ ಹತ್ಬಾರ್ದು ಅಂತ. ಇವತ್ತು ಯಾವುದೋ ಗಾಡೀಲಿ ಹೋಗ್ಲಾ?" ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

ಹದಿನಾಲ್ಕು ಕಿಲೋ ಇರಬಹುದು. ತಮ್ಮ ಅದನ್ನು ಎದೆಗವಚಿಕೊಂಡು ಅಣ್ಣನ ಕಾಲ ಬಳಿ ಹಾದು, ಮೆಟ್ಟಿಲು ಇಳಿದ. ಅವನಿಗೆ ಐವತ್ತೆಂಟು. ಹತ್ತನೆಯ ಮೆಟ್ಟಿಲಿಗೆ ಅದನ್ನು ಇಳಿಸಿ ಉಸಿರು ತೆಗೆದುಕೊಳ್ಳಬೇಕಾಯಿತು. ಅಣ್ಣನಿಗೆ ಅರವತ್ತೊಂಬತ್ತು, ಅದೂ ಹತ್ತುವಾಗ.

*

ಅಣ್ಣ ಮೂವತ್ತೊಂದು ವರ್ಷ ರೈಲ್ವೆ ಗೇಟ್ ಕಾದವನು. ಊರಿನ ಅಂಚಿನಲ್ಲಿ ಹಳಿ ರಸ್ತೆಯನ್ನು ದಾಟುವಲ್ಲಿ ಒಂದು ಕೋಣೆ, ಒಂದು ಫೋನು, ಎರಡು ಬಾವುಟ, ಎರಡು ದೀಪ. ಗೇಟ್ ಹಾಕು ಎಂದು ಫೋನು ಬಂದರೆ ಹಾಕಬೇಕು, ತೆಗೆ ಎಂದರೆ ತೆಗೆಯಬೇಕು. ನಡುವೆ ಮಂತ್ರಿ ಬರಲಿ, ಮದುವೆ ದಿಬ್ಬಣ ಬರಲಿ, ಹಾರ್ನ್ ಹೊಡೆದು ಹೊಡೆದು ಸಾಯಲಿ, ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಬೈಸಿಕೊಳ್ಳುವುದೇ ಅರ್ಧ ಕೆಲಸ ಎನ್ನುತ್ತಿದ್ದ. ಊರಲ್ಲಿ ಅವನನ್ನು ಕರೆಯುತ್ತಿದ್ದದ್ದು 'ಗೇಟು' ಎಂದೇ. ಗೇಟು ಬಂದ, ಗೇಟು ಹೋದ. ಮೂವತ್ತೊಂದು ವರ್ಷದಲ್ಲಿ ಅವನ ಗೇಟಿನಲ್ಲಿ ಒಂದು ಕರುವೂ ಸಾಯಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ, ಗಮನಿಸುವಂಥದ್ದು ಏನೂ ನಡೆಯಲಿಲ್ಲವಲ್ಲ.

ನಿವೃತ್ತಿಯಾಗಿ ಆರು ವರ್ಷದ ಮೇಲೆ ಅವನಿಗೆ ಕಾರು ಬೇಕೆನ್ನಿಸಿತು. ಅತ್ತಿಗೆಯ ಮೊಣಕಾಲು ಆಗಲೇ ಕೈಕೊಡುತ್ತಿತ್ತು, ಹೊಲಿಗೆ ಕಲಿಸುವ ಅವರ ಕೆಲಸ ಊರಿನ ಆ ತುದಿಯಲ್ಲಿತ್ತು. ತಮ್ಮನೇ ಹುಡುಕಿ, ಇಪ್ಪತ್ತು ವರ್ಷ ಹಳೆಯ ಈ ಕಾರನ್ನು ಕೊಡಿಸಿದ. ತಾನೇ ಕೂತು ಅದರ ಒಂದೊಂದು ವೈರನ್ನೂ ಬದಲಿಸಿದ. ಗಾಡಿ ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರ್, ಬೀದಿಯಲ್ಲಿ ಎಲ್ಲರೂ ಡೈನಮೋ ಎನ್ನುವುದು, ಸುಟ್ಟಾಗ ಹೊಸ ತಂತಿ ಸುತ್ತಿ ಕಟ್ಟಿದವನೂ ಅವನೇ. ಕಟ್ಟಿದ ಗುರುತಿಗೆ ಅದರ ಮೈಮೇಲೆ ಉಳಿಯಲ್ಲಿ ಮೂರು ಚುಕ್ಕೆ ಹೊಡೆದ. ಅಣ್ಣನ ಕೈಗೆ ಕೀ ಕೊಡುತ್ತ, ಸ್ಪೀಡ್ ಮೀಟರ್ ಪಕ್ಕದ ಪುಟ್ಟ ಕೆಂಪು ದೀಪವನ್ನು ತೋರಿಸಿ, "ಓಡಿಸುವಾಗ ಇದು ಹತ್ತಿತು ಅಂದ್ರೆ ಡೈನಮೋ ಕೆಲಸ ಮಾಡ್ತಿಲ್ಲ ಅಂತ. ತಕ್ಷಣ ನಿಲ್ಲಿಸ್ಬಿಡು" ಎಂದ.

ಯಾರಿಗೆ ಯಾವ ಮಾತು ಹೇಳುತ್ತಿದ್ದೇನೆ ಎಂದು ಅವನು ಆಗ ಯೋಚಿಸಲಿಲ್ಲ.

ಹತ್ತೇ ದಿನಕ್ಕೆ ಅಮ್ಮನಿಗೆ ಕೊನೆಗಾಲ ಬಂತು ಎಂದು ಅಕ್ಕನ ಊರಿನಿಂದ ಫೋನು. ತಮ್ಮ ಸಿಕ್ಕಿದ ಬಸ್ಸು ಹತ್ತಿ ಹೋದ. ಅಣ್ಣ ಅತ್ತಿಗೆಯನ್ನು ಕೂರಿಸಿಕೊಂಡು ಕಾರಿನಲ್ಲಿ ಹೊರಟ. ಊರಿಗೆ ಇನ್ನು ಹದಿನೆಂಟು ಮೈಲಿ ಇದೆ ಎನ್ನುವಾಗ ಕೆಂಪು ದೀಪ ಹತ್ತಿತು. ಅಣ್ಣ ನಿಲ್ಲಿಸಿದ. ಕೆಂಪು ಎಂದರೆ ಕೆಂಪು. ಹೊಲದ ನಡುವಿನ ರಸ್ತೆ, ಫೋನಿಗೆ ಸಿಗ್ನಲ್ ಇಲ್ಲ, ಕೈ ಮಾಡಿದರೆ ನಿಲ್ಲುವವರಿಲ್ಲ. ನಾಲ್ಕು ಗಂಟೆ ಕಾದ ಮೇಲೆ ಒಂದು ಲಾರಿ ಸಿಕ್ಕಿ, ಅದರ ಹಿಂದೆ ಕಾರು ಕಟ್ಟಿಕೊಂಡು ಬರುವ ಹೊತ್ತಿಗೆ ಅಮ್ಮ ಹೋಗಿ ಒಂದು ಗಂಟೆಯಾಗಿತ್ತು. ಕೊನೆಯವರೆಗೂ ಆಕೆ ದೊಡ್ಡವನೆಲ್ಲಿ, ದೊಡ್ಡವನೆಲ್ಲಿ ಎಂದು ಕೇಳುತ್ತಿದ್ದಳು. ಪಕ್ಕದಲ್ಲೇ ಕೂತಿದ್ದ ಚಿಕ್ಕವನಿಗೆ ಅದನ್ನು ಕೇಳಿ ಕೇಳಿ ತಲೆ ಕೆಟ್ಟಿತ್ತು.

ಅಣ್ಣ ಬಾಗಿಲಲ್ಲಿ ಕಾಣಿಸಿದಾಗ, ನೆಂಟರೆಲ್ಲ ನೋಡುತ್ತಿರುವಾಗ, ತಮ್ಮ ಬಾಯಿಗೆ ಬಂದದ್ದು ಹೇಳಿಬಿಟ್ಟ. "ಹಗಲು ಹೊತ್ತು, ದೀಪ ಹಾಕೋ ಹಾಗಿಲ್ಲ. ಬರೀ ಬ್ಯಾಟರಿ ಮೇಲೇ ಒಂದು ಗಂಟೆ ಓಡುತ್ತೆ ಗಾಡಿ. ಅಮ್ಮ ಸಾಯ್ತಿರೋವಾಗ ರಸ್ತೇಲಿ ನಿಲ್ಲಿಸ್ಕೊಂಡು ಕೂರು ಅಂತ ನಿಂಗೆ ಯಾರು ಹೇಳಿದ್ರು?"

ನೀನೇ ಹೇಳಿದ್ದೆ ಎಂದು ಅಣ್ಣ ಅನ್ನಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ.

ಮಾರನೆಯ ಬೆಳಿಗ್ಗೆ, ಎಲ್ಲರೂ ಏಳುವ ಮೊದಲು, ತಮ್ಮ ಕಾರಿನ ಬಾನೆಟ್ ಎತ್ತಿದ. ಡೈನಮೋಗೆ ಏನೂ ಆಗಿರಲಿಲ್ಲ. ಅದರ ಬೆನ್ನಿಗೆ ಕೂರಬೇಕಾದ ಪ್ಲಗ್ ಕಳಚಿ ವೈರಿನ ತುದಿಯಲ್ಲಿ ಜೋತಾಡುತ್ತ ಎಂಜಿನ್ನಿನ ಕಬ್ಬಿಣಕ್ಕೆ ತಾಗುತ್ತಿತ್ತು. ಕಟ್ಟಿದ ದಿನ ಅದನ್ನು ಟಕ್ ಎನ್ನುವವರೆಗೆ ಒತ್ತಬೇಕಿತ್ತು. ಯಾರೋ ಗಿರಾಕಿ ಕರೆದರೆಂದು ಅರ್ಧ ಒತ್ತಿ ಎದ್ದಿದ್ದು ಅವನಿಗೆ ನಿಚ್ಚಳವಾಗಿ ನೆನಪಾಯಿತು. ಸುತ್ತ ನೋಡಿದ. ಒತ್ತಿದ. ಟಕ್ ಎಂದಿತು. ಬಾನೆಟ್ ಹಾಕಿ, ಒಳಗೆ ಬಂದು, ಗಾಡಿ ಸರಿ ಇದೆ, ತೊಗೊಂಡು ಹೋಗಬಹುದಂತೆ ಎಂದು ಅಕ್ಕನ ಬಾಯಲ್ಲಿ ಹೇಳಿಸಿದ.

ಅಲ್ಲಿಂದ ಮಾತು ನಿಂತಿತು. ಅಣ್ಣ ಬೈದಿದ್ದರೆ ತಾನೂ ನಾಲ್ಕು ಬೈದು, ಐದನೆಯದಾಗಿ ನಿಜ ಹೇಳಿಬಿಡಬಹುದಿತ್ತು. ಅಣ್ಣ ಬೈಯಲೇ ಇಲ್ಲ. ದಿನಾ ಐದೂವರೆಗೆ ಅತ್ತಿಗೆಯನ್ನು ಕೂರಿಸಿಕೊಂಡು ಅಂಗಡಿಯ ಮುಂದೆ ಹಾದು ಹೋಗುವನು, ಈ ಕಡೆ ತಿರುಗದೆ, ಹೊತ್ತು ಮುಳುಗುವ ಮೊದಲು ಮನೆ ಸೇರುವ ಗಡಿಬಿಡಿಯಲ್ಲಿ. ಸೊಕ್ಕು ಎಂದುಕೊಂಡ ತಮ್ಮ. ಮೂರು ವರ್ಷ ಹಾಗೆಂದುಕೊಂಡೇ ಇದ್ದ.

*

ಬ್ಯಾಟರಿ ಕೂರಿಸಿ ಕೀ ತಿರುಗಿಸಿದರೆ ಕಾರು ಒಂದೇ ಏಟಿಗೆ ಎದ್ದಿತು. ಇಳಿಜಾರು ಏರಿಸಿ ರಸ್ತೆಯಲ್ಲಿ ವ್ಯಾನಿನ ಹಿಂದೆ ತಂದು ನಿಲ್ಲಿಸಿದ. ಓಣಿ ತೆರವಾಯಿತು. ಸ್ಟ್ರೆಚರ್ ಮಹಡಿಗೆ ಹೋಯಿತು. ಡಾಕ್ಟರ್ ಕೊಟ್ಟ ಸಾವಿನ ಚೀಟಿ ಎಲ್ಲಿ ಎಂದು ಅಳಿಯ ಎಲ್ಲರ ಜೇಬನ್ನೂ ಕೇಳುತ್ತಿದ್ದ. ಅದು ಸಿಗುವವರೆಗೆ ಹೊರಡುವಂತಿಲ್ಲ ಎಂದು ವ್ಯಾನಿನ ಡ್ರೈವರ್ ಇನ್ನೊಂದು ಬೀಡಿ ಹಚ್ಚಿದ.

ಸುಮ್ಮನೆ ಕೂರಲಾರದೆ ತಮ್ಮ ಚೀಲದಿಂದ ವೋಲ್ಟ್ ಮೀಟರ್ ತೆಗೆದು ಬ್ಯಾಟರಿಗೆ ಹಿಡಿದ. ಎಂಜಿನ್ ಓಡುತ್ತಿದ್ದರೂ ಮುಳ್ಳು ಮೇಲೇರುವ ಬದಲು ಮೆಲ್ಲಗೆ ಕೆಳಗಿಳಿಯುತ್ತಿತ್ತು. ಚಾರ್ಜ್ ಆಗುತ್ತಿಲ್ಲ. ಬಗ್ಗಿ ನೋಡಿದ. ಧೂಳು, ಗ್ರೀಸು ಹಿಡಿದ ಡೈನಮೋ. ಹೆಬ್ಬೆರಳಿನಲ್ಲಿ ಒರೆಸಿದ. ಮೂರು ಚುಕ್ಕೆ.

"ಇದನ್ನ ಬದಲಾಯಿಸೇ ಇಲ್ವಾ?"

ಅಣ್ಣನ ಮಗಳು ಪಕ್ಕ ಬಂದು ನಿಂತಿದ್ದಳು. "ಎಲ್ಲಿ ಬದಲಾಯಿಸೋಕೆ ಬಿಟ್ರು? ಇಬ್ಬರು ಮೆಕ್ಯಾನಿಕ್‌ಗಳು ನೋಡಿ ಡೈನಮೋ ಹೋಗಿದೆ, ಬೇರೆ ಹಾಕ್ಬೇಕು ಅಂದ್ರು. ಅಪ್ಪ ಅವರ ಮೇಲೇ ಜಗಳಕ್ಕೆ ಹೋದ್ರು. ಇದು ನನ್ ತಮ್ಮ ಕಟ್ಟಿರೋದು, ಇದಕ್ಕೇನೂ ಆಗಿಲ್ಲ, ಕೈ ಹಚ್ಬೇಡಿ ಅಂತ. ಹಾಗಾದ್ರೆ ಚಿಕ್ಕಪ್ಪನ್ನೇ ಕೇಳು ಅಂದ್ರೆ ಅದಕ್ಕೂ ಬಾಯಿ ಬಿಡ್ತಿರ್ಲಿಲ್ಲ. ಇಬ್ಬರದೂ ಒಂದೇ ಹಟ. ನಮಗೆ ಸಾಕ್ ಸಾಕಾಗಿ ಹೋಗಿತ್ತು." ಅವಳು ಮೂಗು ಒರೆಸಿಕೊಂಡಳು. "ಹೋಗಿದೆಯಾ ಅದು?"

ತಮ್ಮ ಒಳಕ್ಕೆ ಕೈ ಹಾಕಿದ. ಪ್ಲಗ್ ಮುಟ್ಟಿ ನೋಡಿದ, ಅದು ಗಟ್ಟಿಯಾಗಿತ್ತು. ಚೀಲದಿಂದ ಪರೀಕ್ಷೆಯ ಬಲ್ಬು ತೆಗೆದು, ಡೈನಮೋದ ಸಣ್ಣ ವೈರಿಗೂ ಬ್ಯಾಟರಿಗೂ ಹಿಡಿದ. ಬಲ್ಬು ಒಮ್ಮೆ ಮಿನುಗಿ ಆರಿತು, ಮೀಟರಿನ ಮುಳ್ಳು ಹದಿನಾಲ್ಕು ವೋಲ್ಟಿಗೆ ನೆಗೆಯಿತು. ಡೈನಮೋ ಸರಿ ಇತ್ತು. ಮೂರು ವರ್ಷವೂ ಸರಿ ಇತ್ತು.

ಆಗ ಅವನಿಗೆ ಹೊಳೆಯಿತು. ಓಣಿಯಲ್ಲಿ ಕೀ ತಿರುಗಿಸಿದಾಗ ಕೆಂಪು ದೀಪ ಹತ್ತಲಿಲ್ಲ. ಈ ಹಳೆ ಕಾರುಗಳಲ್ಲಿ ಆ ದೀಪ ಬರೀ ಎಚ್ಚರಿಕೆಗಲ್ಲ, ಡೈನಮೋವನ್ನು ಎಬ್ಬಿಸುವ ಕರೆಂಟು ಆ ಬಲ್ಬಿನ ಮೂಲಕವೇ ಹೋಗಬೇಕು. ಬಲ್ಬು ಇಲ್ಲದಿದ್ದರೆ ಡೈನಮೋ ಸುಮ್ಮನೆ ಸುತ್ತುತ್ತದೆ, ಹನಿ ಕರೆಂಟು ಕೊಡುವುದಿಲ್ಲ. ಸ್ಟಿಯರಿಂಗಿನ ಕೆಳಗೆ ಅಂಗಾತ ಮಲಗಿ ಸ್ಪೀಡ್ ಮೀಟರಿನ ಹಿಂದಕ್ಕೆ ಕೈ ತೂರಿಸಿದ. ಬಲ್ಬಿನ ಗೂಡು ಬೆರಳಿಗೆ ಸಿಕ್ಕಿತು. ಖಾಲಿ.

ಕಳೆದುಹೋಗಿರಲಾರದು, ಅಣ್ಣ ಏನನ್ನೂ ಕಳೆಯುವವನಲ್ಲ. ಹುಡುಕಲು ಎರಡು ನಿಮಿಷವೂ ಹಿಡಿಯಲಿಲ್ಲ. ಕಾರಿನೊಳಗೆ ಸಿಗರೇಟಿನ ಬೂದಿ ಉದುರಿಸುವ ಡಬ್ಬಿಯಲ್ಲಿ, ಬೂದಿ ಕಾಣದ ಡಬ್ಬಿಯಲ್ಲಿ, ಕಾಗದದ ಚೂರಿನಲ್ಲಿ ಸುತ್ತಿ ಇಟ್ಟಿದ್ದ. ಕಡಲೆಕಾಳಿನಷ್ಟು ಬಲ್ಬು. ಒಡೆದಿರಲಿಲ್ಲ, ಸುಟ್ಟಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಒಳಗಿನ ತಂತಿ ಸದ್ದು ಮಾಡಲಿಲ್ಲ.

ಗೂಡಿಗೆ ಕೂರಿಸಿದ. ಎಂಜಿನ್ ನಿಲ್ಲಿಸಿ ಮತ್ತೆ ಕೀ ತಿರುಗಿಸಿದ. ಕೆಂಪು ದೀಪ ಹತ್ತಿತು. ಎಂಜಿನ್ ಎದ್ದಿತು, ದೀಪ ಆರಿತು. ಮೀಟರು ಹದಿನಾಲ್ಕು. ಎರಡು ನಿಮಿಷದ ಕೆಲಸ. ಅಂಗಡಿಗೆ ಬಂದು ಕಾರು ನಿಲ್ಲಿಸಿದ್ದರೆ ಅವನು ಕುರ್ಚಿಯಿಂದ ಏಳುವ ಮೊದಲೇ ಹೇಳಿಬಿಡುತ್ತಿದ್ದ ಕೆಲಸ. ಸ್ಟಿಯರಿಂಗಿಗೆ ಹಣೆ ಕೊಟ್ಟು ಕೂತುಬಿಟ್ಟ. ಅಳಿಯ ಕಿಟಕಿ ತಟ್ಟಿ, ಚೀಟಿ ಸಿಕ್ಕಿತು, ಫ್ರಿಜ್ ಮೇಲಿತ್ತು ಎಂದ.

ಅಣ್ಣನನ್ನು ಇಳಿಸಿದರು. ಹದಿನಾಲ್ಕನೆಯ ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಆ ಕಡೆ ಎತ್ತಿ, ಈ ಕಡೆ ಇಳಿಸಿ ಎಂದು ಎಲ್ಲರೂ ಯಜಮಾನಿಕೆ ಮಾಡಿದರು. ತಮ್ಮ ತಲೆಯ ಕಡೆ ಹಿಡಿದಿದ್ದ. ಯಾರೂ ನೋಡದಾಗ ಹೆಬ್ಬೆರಳಿನಿಂದ ಅಣ್ಣನ ಬೈತಲೆಯನ್ನು ಸರಿಯಾದ ಕಡೆಗೆ ತಂದ. ಹಣೆಯ ಮೇಲೆ ಒಂದಿಷ್ಟು ಗ್ರೀಸು ಅಂಟಿತು. ಒರೆಸಲು ಹೋದರೆ ಇನ್ನೂ ಹರಡಿತು.

*

ಹನ್ನೊಂದೂ ನಲವತ್ತಕ್ಕೆ ವ್ಯಾನು ಹೊರಟಿತು. ಒಳಗೆ ಮಗಳು, ಅಳಿಯ. ಹಿಂದೆ ಕಾರಿನಲ್ಲಿ ತಮ್ಮ, ಅವನ ಪಕ್ಕದಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡ ಅತ್ತಿಗೆ. ಇನ್ನು ಐದು ನಿಮಿಷದ ದಾರಿ ಎನ್ನುವಾಗ ವ್ಯಾನು ನಿಂತಿತು. ಮುಂದೆ ರೈಲ್ವೆ ಗೇಟ್ ಹಾಕಿತ್ತು.

ಅಣ್ಣನದೇ ಗೇಟು. ಕೋಣೆಗೆ ಈಗ ಹೊಸ ಬಣ್ಣ, ಒಳಗೆ ಯಾರೋ ಬೇರೆಯವನು. ವ್ಯಾನಿನ ಡ್ರೈವರ್ ಇಳಿದು ಹೋಗಿ, ಹನ್ನೆರಡಕ್ಕೆ ಹೊತ್ತು ಕೊಟ್ಟಿದ್ದಾರೆ, ಒಂದು ನಿಮಿಷ ತೆಗೆಯಿರಿ ಎಂದು ಕೇಳಿದ್ದು ಕಂಡಿತು. ಒಳಗಿದ್ದವನು ತಲೆ ಎತ್ತದೆ ಆಗದು ಎಂದದ್ದೂ ಕಂಡಿತು.

"ಎಂಜಿನ್ ಆರಿಸು" ಎಂದರು ಅತ್ತಿಗೆ. "ಗೇಟ್ ಹಾಕಿದ್ರೆ ಅವರು ಆರಿಸ್ತಿದ್ರು."

ಆರಿಸಿದ. ಎಂಜಿನ್ ನಿಂತಿತು, ಗೇಟು ಎದ್ದ ತಕ್ಷಣ ಹೊರಡಲೆಂದು ಕೀಯನ್ನು ಮತ್ತೆ ಅರ್ಧ ತಿರುಗಿಸಿಟ್ಟ, ಕೆಂಪು ದೀಪ ಹತ್ತಿಕೊಂಡಿತು. ಅತ್ತಿಗೆ ಅದನ್ನು ನೋಡಿ ಬೆಚ್ಚಿದರು.

"ಇದೆಲ್ಲಿತ್ತು? ಅವರು ಕಿತ್ತಿಟ್ಟಿದ್ರಲ್ಲ."

"ಯಾಕೆ ಕಿತ್ರು, ಅತ್ತಿಗೆ?"

ಅವರು ದೀಪದಿಂದ ಕಣ್ಣು ಕಿತ್ತು ಗೇಟಿನ ಕಡೆ ನೋಡಿದರು. ಆಮೇಲೆ, ಬೇರೆ ಯಾರದೋ ಹುಚ್ಚಾಟವನ್ನು ಹೇಳುವವರ ದನಿಯಲ್ಲಿ, ಬೇಸತ್ತು ಹೇಳಿದರು. ಅತ್ತೆಯ ಕಾರ್ಯ ಮುಗಿಸಿ ಬಂದ ದಿನವೇ ಕೂತು ಕಿತ್ತರಂತೆ. ದೀಪ ಹತ್ತಿದರೂ ನಿಲ್ಲಿಸಬಾರದಿತ್ತು ಎಂದು ತಮ್ಮ ಹೇಳಿದ್ದಾನೆ, ಗಾಡಿ ವಿಷಯ ಅವನಿಗೆ ಗೊತ್ತು ಎಂದರಂತೆ. "ಆದ್ರೆ ಕೆಂಪು ಕಂಡ್ರೆ ನನ್ ಕಾಲು ನನ್ ಮಾತು ಕೇಳಲ್ಲ ಕಣೆ, ತಾನಾಗೇ ಬ್ರೇಕ್ ಒತ್ತುತ್ತೆ. ಕಾಣದೇ ಇದ್ರೆ ಅವನು ಹೇಳಿದ ಹಾಗೆ ನಡೆಯುತ್ತೆ, ಅಂದ್ರು."

ತಮ್ಮ ತಲೆ ಎತ್ತಿದ. ಎದುರಿಗೆ, ಹತ್ತಡಿ ಮುಂದೆ, ವ್ಯಾನಿನ ಹಿಂಬಾಗಿಲ ಗಾಜು. ಗಾಜಿನೊಳಗೆ ಬಿಳಿ ಬಟ್ಟೆ. ಇನ್ನು ಸುಮ್ಮನಿದ್ದರೆ ಈ ಗುಟ್ಟು ಮುಂದೆ ತನ್ನ ಹೆಣದ ಜೊತೆಗೇ ಸುಡುತ್ತದೆ ಎಂದು ಅವನಿಗೆ ಅನ್ನಿಸಿತು.

"ಅತ್ತಿಗೆ, ಅವತ್ತು ಅಣ್ಣನದೇನೂ ತಪ್ಪಿರ್ಲಿಲ್ಲ. ಡೈನಮೋ ಹಿಂದೆ ಒಂದು ಪ್ಲಗ್ ಇರುತ್ತೆ. ನಾನು ಅದನ್ನ ಪೂರ್ತಿ ಒತ್ತಿರ್ಲಿಲ್ಲ. ಅದು ಕಳಚ್ಕೊಂಡು ದೀಪ ಹತ್ತಿದ್ದು. ಮಾರನೇ ದಿನ ಬೆಳಿಗ್ಗೆ ನೋಡ್ದೆ. ಒತ್ತಿ, ಬಾಯ್ ಮುಚ್ಕೊಂಡು ಸುಮ್ಮನಿದ್ದೆ. ಈ ಬಲ್ಬ್ ಇಲ್ಲದೇ ಇದ್ದಿದ್ದಕ್ಕೇ ಚಾರ್ಜ್ ಆಗ್ತಿರ್ಲಿಲ್ಲ. ಬೇರೇನೂ ಅಲ್ಲ."

ಅತ್ತಿಗೆ ಅವನ ಕಡೆ ತಿರುಗಲಿಲ್ಲ. ಕೈಚೀಲದ ಜಿಪ್ ಎಳೆದರು, ಹಾಕಿದರು, ಮತ್ತೆ ಎಳೆದರು. ಹಳಿಯ ಕಡೆಯಿಂದ ಗಂಟೆ ಹೊಡೆದುಕೊಳ್ಳುತ್ತಿತ್ತು.

"ಇದನ್ನ ನಂಗ್ಯಾಕೆ ಹೇಳ್ತೀಯಾ?" ಎಂದರು ಕೊನೆಗೆ. ದನಿ ಏರಲಿಲ್ಲ. "ನಾನಿದನ್ನ ತೊಗೊಂಡು ಎಲ್ಲಿಟ್ಕೊಳ್ಲಿ? ಅಮ್ಮ ಸಾಯೋವಾಗ ನಾನು ಬರೋದು ತಡ ಆಯ್ತು ಅಂತ ಮೂರು ವರ್ಷ ದಿನಾ ಹೇಳ್ತಿದ್ದೋರು ನಾನಲ್ಲ. ಅಗೋ, ಅಲ್ಲಿದಾರೆ. ಹೋಗಿ ಅವರಿಗೆ ಹೇಳು."

ಅದು ಸಿಟ್ಟಿನ ಮಾತೋ, ಅಪ್ಪಣೆಯೋ ಅವನಿಗೆ ತಿಳಿಯಲಿಲ್ಲ. ಬಾಗಿಲು ತೆಗೆದು ಇಳಿದ. ಕಾರಿಗೂ ವ್ಯಾನಿಗೂ ನಡುವಿನ ಹತ್ತಡಿ ನಡೆದು, ಹಿಂಬಾಗಿಲ ಗಾಜಿಗೆ ಅಂಗೈ ಇಟ್ಟ. ಒಳಗೆ ಅಣ್ಣನ ತಲೆ ಈ ಕಡೆಗೇ ಇತ್ತು. ಬೈತಲೆ ಕಾಣುತ್ತಿತ್ತು, ಹಣೆಯ ಗ್ರೀಸೂ ಕಾಣುತ್ತಿತ್ತು. ಪಕ್ಕದಲ್ಲಿ ಕೂತ ಮಗಳು ಏನು ಎಂದು ಕೈಯಲ್ಲೇ ಕೇಳಿದಳು. ಅವನು ಅವಳನ್ನು ನೋಡಲಿಲ್ಲ.

"ಅಣ್ಣಾ, ಪ್ಲಗ್ ನಾನು ಒತ್ತಿರ್ಲಿಲ್ಲ" ಎಂದ.

ಅದೇ ಹೊತ್ತಿಗೆ ರೈಲು ಬಂತು. ಗೂಡ್ಸು ಗಾಡಿ, ಮುಗಿಯದ ಡಬ್ಬಿಗಳು, ನೆಲ ನಡುಗುವ ಸದ್ದು. ಅವನ ಮಾತು ಅವನಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದ, ಜೋರಾಗಿ. ಮತ್ತೂ ಜೋರಾಗಿ. ಮೂರು ವರ್ಷ ನುಂಗಿಕೊಂಡಿದ್ದನ್ನು ಈಗ ಗಂಟಲು ಹರಿಯುವಂತೆ ಕೂಗುತ್ತಿದ್ದ, ಒಳಗೆ ಅಣ್ಣನ ಮಗಳು ಗಾಬರಿಯಿಂದ ಗಾಜಿಗೆ ಮುಖ ತಂದಿದ್ದಳು, ಡಬ್ಬಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ಕೊನೆಯ ಡಬ್ಬಿ ಹೋಗಿ, ಸದ್ದು ನಿಂತು, ಮತ್ತೊಮ್ಮೆ ಹೇಳೋಣ ಎಂದು ಅವನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಗೇಟು ಏಳತೊಡಗಿತು. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ಹನ್ನೆರಡಕ್ಕೆ ಐದು ನಿಮಿಷವಿತ್ತು. ಹಿಂದೆ ಯಾರು ನಿಂತಿದ್ದಾರೆಂದು ನೋಡದೆ ವ್ಯಾನಿನ ಡ್ರೈವರ್ ಹೊರಟೇಬಿಟ್ಟ. ಗಾಜು ಅವನ ಅಂಗೈ ಕೆಳಗಿನಿಂದ ಜಾರಿ ಹೋಯಿತು.

ಅವನು ಓಡಿ ಬಂದು ಸ್ಟಿಯರಿಂಗ್ ಹಿಂದೆ ಕೂತ. ಉಸಿರು ಸಿಗುತ್ತಿರಲಿಲ್ಲ. ಹಿಂದಿನವನು ಕಿಟಕಿಯಿಂದ ತಲೆ ಹಾಕಿ ಬೈಯುತ್ತಿದ್ದ. ಕೆಂಪು ದೀಪ ಇನ್ನೂ ಹತ್ತಿಕೊಂಡೇ ಇತ್ತು.

"ಹೇಳಿದ್ಯಾ?" ಎಂದರು ಅತ್ತಿಗೆ.

"ಹೇಳ್ದೆ."

"ಇದು ಆರುತ್ತಾ?"

"ಗಾಡಿ ಎದ್ರೆ ಆರುತ್ತೆ."

ಕೀ ತಿರುಗಿಸಿದ. ಎಂಜಿನ್ ಎದ್ದಿತು, ದೀಪ ಆರಿತು. ಹಳಿಯ ಮೇಲೆ ಕಾರು ಎರಡು ಸಲ ಕುಲುಕಿ ಆಚೆ ದಾಟಿತು. ವ್ಯಾನು ಆಗಲೇ ತಿರುವಿನಲ್ಲಿ ಮರೆಯಾಗಿತ್ತು. ಅತ್ತಿಗೆ ಕಣ್ಣೆತ್ತಿ ರಸ್ತೆ ನೋಡಲಿಲ್ಲ. ಕೈಚೀಲವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ದೀಪ ಆರಿದ ಆ ಪುಟ್ಟ ಜಾಗವನ್ನೇ ಸ್ಮಶಾನದವರೆಗೂ ನೋಡುತ್ತ ಕೂತಿದ್ದರು, ಮತ್ತೆ ಹತ್ತಿದರೆ ನಿಲ್ಲಿಸು ಎಂದು ಹೇಳಬೇಕಾದವಳು ತಾನೇ ಎಂಬಂತೆ.